ಹೈಡ್ರಂಟ್ ಲೈನಿನ ತಳದಲ್ಲೇ ತೂತು: ಬರೀ ತುಕ್ಕೋ, ಬ್ಯಾಕ್ಟೀರಿಯಾ ಕೆಲಸವೋ?

ವಸಂತನರಸಾಪುರ ಮೇಂಟೆನೆನ್ಸ್:
ತುಮಕೂರು ವಸಂತನರಸಾಪುರದ ಕಾರ್ಖಾನೆಯೊಂದರ ಫೈರ್ ಹೈಡ್ರಂಟ್ ಲೈನ್ (ಬೆಂಕಿ ಆರಿಸಲು ನೀರು ತುಂಬಿಟ್ಟ ಪೈಪ್). 100 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್, ಮೀಡಿಯಂ ಕ್ಲಾಸ್, ಗೋಡೆ ದಪ್ಪ 4.5 ಮಿ.ಮೀ. ಒಳಗಿರುವುದು ಬೋರ್‌ವೆಲ್ ನೀರು. ಲೈನಿನ ಒತ್ತಡ ಕಾಯುವ ಜಾಕಿ ಪಂಪ್ ಪದೇಪದೇ ಆನ್ ಆಗುತ್ತಿದೆ, ಪೈಪಿನ ತಳಭಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು. ಕತ್ತರಿಸಿದ ತುಂಡಿನೊಳಗೆ ಕಂದು ಗಂಟುಗಳಿವೆ, ಒಡೆದರೆ ಕರಿ ಕೆಸರು. ಉಳಿದ ಗೋಡೆ ಹೆಚ್ಚೂಕಮ್ಮಿ ಹೊಸದರಂತಿದೆ. ವಾರಕ್ಕೊಮ್ಮೆ ಲೈನ್ ಪೂರ್ತಿ ಖಾಲಿ ಮಾಡಿ ತುಂಬಿದರೆ ನಿಲ್ಲುತ್ತದೆಯೇ?

ಕೊರೋಶನ್ ಲ್ಯಾಬ್, ಕೋಲಾರ:
ಗೋಡೆ ಚೆನ್ನಾಗಿದ್ದು ಅಲ್ಲೊಂದು ಇಲ್ಲೊಂದು ತೂತು ಬಿದ್ದಿದೆ, ಗಂಟಿನೊಳಗೆ ಕಪ್ಪು ಇದೆ ಅಂದರೆ ಬಯೋಫಿಲ್ಮ್ ಮೇಲೆ ಅನುಮಾನ ಪಡಲೇಬೇಕು. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಲೋಳೆ ಕಟ್ಟಿಕೊಂಡು ಉಕ್ಕಿಗೆ ಅಂಟಿ ಕೂರುತ್ತವೆ. ಲೋಳೆಯ ಮೇಲ್ಪದರದವು ಆಮ್ಲಜನಕವನ್ನೆಲ್ಲ ಹೀರಿಬಿಡುವುದರಿಂದ ಅಡಿಯಲ್ಲಿ ಅದು ಉಳಿಯುವುದಿಲ್ಲ. ಆ ಪುಟ್ಟ ಜಾಗ ಆನೋಡ್ (ಲೋಹ ಕರಗುವ ಕಡೆ), ಸುತ್ತಲಿನ ದೊಡ್ಡ ಗೋಡೆಯೆಲ್ಲ ಕ್ಯಾಥೋಡ್ (ಕರಗದ ಕಡೆ). ಸವೆತವೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ, ಅದಕ್ಕೇ ಅದು ಆಳಕ್ಕೆ ಇಳಿಯುವುದು. ಆಮ್ಲಜನಕವಿಲ್ಲದ ಆ ತಳದಲ್ಲೇ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ (ಎಸ್‌ಆರ್‌ಬಿ) ಬೆಳೆದು ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ನೀವು ಕಂಡ ಕಪ್ಪು ಬಹುಶಃ ಐರನ್ ಸಲ್ಫೈಡ್. ಎಸ್‌ಆರ್‌ಬಿಯ ಕೆಲವು ತಳಿಗಳು ಕಬ್ಬಿಣದಿಂದಲೇ ನೇರವಾಗಿ ಎಲೆಕ್ಟ್ರಾನ್ ಎಳೆದುಕೊಳ್ಳುತ್ತವೆ.

ಖಾತ್ರಿಗೆ: ಗಾಳಿ ಓಡಾಡುವ ಜಾಗದಲ್ಲಿ, ಹಸಿ ಕೆಸರಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಡಿ, ಮೇಲೆ ಲೆಡ್ ಅಸಿಟೇಟ್ ಕಾಗದ ಹಿಡಿಯಿರಿ. ಕಾಗದ ಕಪ್ಪಾದರೆ ಸಲ್ಫೈಡ್ ಇದೆ. ಕಾಗದ ಸಾಕು, ಮೂಗಿಟ್ಟು ನೋಡಬೇಡಿ. ಲ್ಯಾಬಿಗೆ ಬರೀ ನೀರು ಕಳಿಸಿದರೆ ಪ್ರಯೋಜನ ಕಡಿಮೆ, ಗೋಡೆಗೆ ಅಂಟಿದವು ಅದರಲ್ಲಿ ಬರುವುದಿಲ್ಲ. ಗಂಟನ್ನೇ ಕೆರೆದು, ಅದೇ ಲೈನಿನ ನೀರು ಬಾಟಲಿಯ ಬಾಯಿತನಕ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ, ಅದೇ ದಿನ ತಲುಪಿಸಿ. ಎಸ್‌ಆರ್‌ಬಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) 28 ದಿನದ ತನಕ ಇಟ್ಟು ನೋಡುತ್ತಾರೆ. ಬ್ಯಾಕ್ಟೀರಿಯಾ ಸಿಕ್ಕಿತೆಂದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಸಲ್ಫೈಡ್, ತೂತಿನ ಆಕಾರ, ಕಲ್ಚರ್ ಮೂರೂ ತಾಳೆಯಾಗಬೇಕು.

ಪೈಪಿಂಗ್, ಚಿಕ್ಕಬಳ್ಳಾಪುರ:
ವಾರವಾರ ಖಾಲಿ ಮಾಡುವುದು ದಯವಿಟ್ಟು ಬೇಡ. ಹೊಸ ನೀರು ಬಂದಾಗಲೆಲ್ಲ ಲೀಟರಿಗೆ 7-8 ಮಿಲಿಗ್ರಾಂ ಆಮ್ಲಜನಕ, ಹೊಸ ಸಲ್ಫೇಟ್, ಹೊಸ ಆಹಾರ ಜೊತೆಗೇ ಬರುತ್ತವೆ. ತುಂಬುವಾಗ ಎತ್ತರದ ಜಾಗಗಳಲ್ಲಿ ಸಿಕ್ಕಿಕೊಳ್ಳುವ ಗಾಳಿಯೂ ಅಷ್ಟೇ ಕೆಟ್ಟದ್ದು. ಅಲ್ಲಿ ಏರ್ ವೆಂಟ್ ಹಾಕಿ. ವಾಲ್ವ್ ಟೆಸ್ಟಿಂಗ್ ಮಾತ್ರ ನಿಲ್ಲಿಸಬೇಡಿ.

ಮೊದಲು ಅಲ್ಟ್ರಾಸಾನಿಕ್ ಗೇಜಿನಲ್ಲಿ ತಳಭಾಗದ ದಪ್ಪ ನೋಡಿ. ಒಂದೊಂದು ಚುಕ್ಕೆ ಅಳೆದರೆ ಗುಂಡಿ ತಪ್ಪಿಹೋಗುತ್ತದೆ, ಗ್ರಿಡ್ ಎಳೆದು ಒತ್ತೊತ್ತಾಗಿ ಅಳೆಯಿರಿ. ತೆಳುವಾದ ಭಾಗ ಬದಲಿಸಿದ ಮೇಲೆಯೇ ಹೈಡ್ರೋ ಜೆಟ್ (ಜೋರು ಒತ್ತಡದ ನೀರಿನಿಂದ ಒಳಗೆ ಕೆರೆಯುವುದು). ಇಲ್ಲದಿದ್ದರೆ ಜೆಟ್ಟೇ ತೂತು ಮಾಡುತ್ತದೆ. ಗಂಟು ಕೆರೆಯದೆ ಕ್ಲೋರಿನ್ ಸುರಿದರೆ ಮೇಲಿನ ಲೋಳೆಯಲ್ಲೇ ಅದು ಖರ್ಚಾಗುತ್ತದೆ, ಅಡಿಯವು ಆರಾಮಾಗಿರುತ್ತವೆ. ನನ್ನ ಪ್ರಕಾರ ಹೆಚ್ಚಿನವರ ದುಡ್ಡು ಪೋಲಾಗುವುದು ಇಲ್ಲೇ. ಜೆಟ್ ಆದಮೇಲೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಫ್ಲಶ್ ಮಾಡಿ. ಈ ಪೈಪಿಗೆ ಅದು ನಿಮಿಷಕ್ಕೆ ಸುಮಾರು 1,050 ಲೀಟರ್.

ಆಮೇಲೆ ಕ್ಲೋರಿನ್. ಮೀಟರ್ ಪೈಪಿನಲ್ಲಿ 8.7 ಲೀಟರ್ ನೀರು ಹಿಡಿಯುತ್ತದೆ, ಸಾವಿರ ಮೀಟರಿಗೆ 8,700. ಅದಕ್ಕೆ 50 ಪಿಪಿಎಂ ಬೇಕೆಂದರೆ 10% ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಸುಮಾರು 4.4 ಲೀಟರ್. ಒಂದು ದಿನ ನಿಲ್ಲಿಸಿ ಪೂರ್ತಿ ತೊಳೆದುಬಿಡಿ, ಆ ಪ್ರಮಾಣದ ಕ್ಲೋರಿನ್ ಉಕ್ಕನ್ನೂ ತಿನ್ನುತ್ತದೆ. ಪಿಎಚ್ 8ರ ಮೇಲಿದ್ದರೆ ಹೈಪೋದ ಬಲ ತುಂಬ ಕಡಿಮೆ, ಮೊದಲು ಅಳೆಯಿರಿ. ಹೈಪೋಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್, ಕಪ್ಪು ಕೆಸರಿಗೆ ಸೇರಿದರೆ ಹೈಡ್ರೋಜನ್ ಸಲ್ಫೈಡ್. ಎರಡೂ ಪ್ರಾಣಕ್ಕೆ ಅಪಾಯ, ಹಾಗಾಗಿ ಲೈನಿಗೆ ಆಸಿಡ್ ಹಾಕಿ ತೊಳೆಯುವ ಯೋಚನೆಯೇ ಬೇಡ.

ವಸಂತನರಸಾಪುರ ಮೇಂಟೆನೆನ್ಸ್:
ತುಂಬಾ ಧನ್ಯವಾದ ಸರ್. ಬದಲಿಸುವ ಭಾಗಕ್ಕೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಹಾಕಿದರೆ?

ಕೊರೋಶನ್ ಲ್ಯಾಬ್, ಕೋಲಾರ:
ಬೇಡ. ವೆಲ್ಡ್ ಪಕ್ಕದ ನೀಲಿ-ಕಂದು ಬಣ್ಣ ತೆಗೆಯದೆ ಬಿಟ್ಟರೆ ಲೋಳೆ ಅಲ್ಲೇ ಕೂತು, ಹೊರಗೆ ಸಣ್ಣ ತೂತು, ಒಳಗೆ ದೊಡ್ಡ ಪೊಳ್ಳು ಆಗುತ್ತದೆ. ಪಕ್ಕದ ಎಂಎಸ್ ಪೈಪೂ ಜೋಡಣೆಯ ಹತ್ತಿರ ಬೇಗ ಸವೆಯುತ್ತದೆ. ಜಿಐನಲ್ಲೂ (ಸತು ಲೇಪಿಸಿದ ಪೈಪ್) ಸತು ಕರಗುವ ತನಕ ಮಾತ್ರ ರಕ್ಷಣೆ. ಎಂಎಸ್ ಹೆವಿ ಕ್ಲಾಸ್, 5.4 ಮಿ.ಮೀ. ಹಾಕಿ. ಹೈಡ್ರೋಟೆಸ್ಟಿಗೆ (ನೀರು ತುಂಬಿ ಒತ್ತಡ ಕೊಟ್ಟು ಸೋರಿಕೆ ನೋಡುವುದು) ಕ್ಲೋರಿನ್ ಹಾಕಿದ ನೀರೇ ಬಳಸಿ, ಟೆಸ್ಟ್ ಆದ ಕೂಡಲೇ ಖಾಲಿ ಮಾಡಿ. ಅರ್ಧ ನೀರು ಒಳಗೆ ಬಿಟ್ಟು ಹೋದರೆ ಲೈನ್ ಚಾಲೂ ಆಗುವ ಮೊದಲೇ ತಳದಲ್ಲಿ ಗಂಟು ಶುರುವಾಗಿರುತ್ತದೆ.