ಎಕ್ಸ್‌ಪಿ ಮೈನ್‌ಸ್ವೀಪರ್: ಮೂಲೆಯ ಚುಕ್ಕೆ ಸರಿಯಾಗಿ ಬರುತ್ತಿಲ್ಲ, ಒಳಗೆ ಇನ್ನೇನು ಅಡಗಿದೆ?

ಪ್ರಶ್ನೆ:
ವಿಂಡೋಸ್ ಎಕ್ಸ್‌ಪಿಯ ಬಾಂಬ್ ಹುಡುಕುವ ಆಟ ಮೈನ್‌ಸ್ವೀಪರ್, ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್). ಎಕ್ಸ್, ವೈ, ಜೆಡ್, ಜೆಡ್, ವೈ ಒತ್ತಿ, ಆಮೇಲೆ ಶಿಫ್ಟ್ ಜೊತೆ ಎಂಟರ್ ಒತ್ತಿದರೆ ಮೌಸ್ ಇಟ್ಟ ಮನೆಯಲ್ಲಿ ಬಾಂಬ್ ಇದೆಯೋ ಇಲ್ಲವೋ ಹೇಳುವ ಚುಕ್ಕೆ ಪರದೆಯ ಎಡ ಮೇಲ್ಮೂಲೆಯಲ್ಲಿ ಬರಬೇಕು. ಒಮ್ಮೆ ಬರುತ್ತೆ, ಒಮ್ಮೆ ಇಲ್ಲ. ಕಪ್ಪು ಚುಕ್ಕೆ ತೋರಿಸಿದ ಮನೆ ತೆರೆದರೂ ಒಂದೊಂದು ಸಲ ಬಾಂಬ್ ಸಿಡಿಯಲ್ಲ. ಯಾಕೆ? ಬೇರೆ ಏನಾದರೂ ಒಳಗೆ ಅಡಗಿದೆಯಾ?

ಉತ್ತರ 1:
ಎಂಟರ್‌ಗೆ ಇಲ್ಲಿ ಕೆಲಸವೇ ಇಲ್ಲ. ಐದು ಅಕ್ಷರ ಆದ ಮೇಲೆ ಶಿಫ್ಟ್ ಒಂದೇ ಸ್ವಿಚ್. ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ಒತ್ತಿ ಹಿಡಿದರೆ ಕೀ ತಾನೇ ಮತ್ತೆ ಮತ್ತೆ ಬಡಿದುಕೊಂಡು ಆನ್-ಆಫ್ ಆಗುತ್ತಲೇ ಇರುತ್ತದೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ. ಮೆತ್ತಗೆ ಒಮ್ಮೆ ತಟ್ಟಿ ಬಿಡಿ. ಶಿಫ್ಟ್ ಮುಟ್ಟದೆಯೂ ನೋಡಬಹುದು: ಕಂಟ್ರೋಲ್ ಹಿಡಿದು ಮೌಸ್ ಆಡಿಸಿ. ಮೌಸ್ ಗುಂಡಿ ಒತ್ತಿರುವಾಗ ಮಾತ್ರ ಚುಕ್ಕೆ ಬದಲಾಗಲ್ಲ.

ಅದು ಬರೀ ಒಂದು ಪಿಕ್ಸೆಲ್: ಬಾಂಬ್ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ. ವರ್ಚುವಲ್ ಮಷೀನ್‌ನ ಪರದೆಯನ್ನು ಹಿಗ್ಗಿಸಿದ್ದರೆ ಅಥವಾ ಕುಗ್ಗಿಸಿದ್ದರೆ ಅಕ್ಕಪಕ್ಕದ ಬಣ್ಣದಲ್ಲಿ ಕಲಸಿಹೋಗುತ್ತದೆ. 100% ಅಳತೆಗೆ ತನ್ನಿ, ವಾಲ್‌ಪೇಪರ್ ತೆಗೆದು ಒಂದೇ ನೀಲಿ ಬಣ್ಣ ಇಡಿ.

ಉತ್ತರ 2:
ಕಪ್ಪು ಇದ್ದೂ ಸಿಡಿಯದ್ದು ಆಟದ ಮೊದಲ ಕ್ಲಿಕ್ ಇರಬೇಕು, ನೋಡಿ. ಹೊಸ ಆಟ ಶುರುವಾದಾಗಲೇ ಬಾಂಬ್‌ಗಳನ್ನು ಹಂಚಿ ಆಗಿರುತ್ತದೆ, ಚುಕ್ಕೆ ಹೇಳಿದ್ದು ನಿಜವೇ. ಆದರೆ ಮೊದಲ ಕ್ಲಿಕ್ಕೇ ಬಾಂಬ್ ಮೇಲೆ ಬಿದ್ದರೆ ಆಟ ಅದನ್ನೆತ್ತಿ, ಎಡ ಮೇಲ್ಮೂಲೆಯಿಂದ ಹುಡುಕುತ್ತಾ ಸಿಕ್ಕ ಮೊದಲ ಖಾಲಿ ಮನೆಗೆ ಹಾಕುತ್ತದೆ. ಹಾಗಾಗಿ ಆ ಮೂಲೆಯನ್ನು ಮೊದಲ ಕ್ಲಿಕ್ ಆದಮೇಲೆ ಇನ್ನೊಮ್ಮೆ ನೋಡಲೇಬೇಕು.

ಉತ್ತರ 3:
ಇಡೀ ಹಲಗೆ ಒಟ್ಟಿಗೆ ಬೇಕಿದ್ದರೆ ಮೆಮೊರಿ ನೋಡಿ. ಇಂಗ್ಲಿಷ್ ಎಕ್ಸ್‌ಪಿಯ 5.1 ಆವೃತ್ತಿಯಲ್ಲಿ ವಿಳಾಸ ಬದಲಾಗಲ್ಲ. ಚೀಟ್ ಎಂಜಿನ್ ಅಥವಾ ಯಾವುದೇ ಡೀಬಗರ್‌ನಲ್ಲಿ (ಓಡುತ್ತಿರುವ ಪ್ರೋಗ್ರಾಂನ ಮೆಮೊರಿ ತೋರಿಸುವ ಸಾಧನಗಳು) ಹೆಕ್ಸ್ (16ರ ಲೆಕ್ಕದ ಅಂಕಿ) 01005340ಕ್ಕೆ ಹೋಗಿ, ಸಾಲಿಗೆ 32 ಬೈಟ್ ಇಟ್ಟುಕೊಳ್ಳಿ. ಆಗ ಹಲಗೆಯೇ ಎದುರು ಬಿಡಿಸಿದಂತೆ ಕಾಣುತ್ತದೆ: ಸುತ್ತ 10 ಅನ್ನುವ ಬೇಲಿ, ಒಳಗೆ ಖಾಲಿ ಮನೆ 0ಎಫ್, ಬಾಂಬ್ 8ಎಫ್, ಬಾವುಟ ನೆಟ್ಟ ಬಾಂಬ್ 8ಇ. ಅಗಲ 01005334ರಲ್ಲಿ, ಎತ್ತರ 01005338ರಲ್ಲಿ. ಒಂದು ಮನೆಯ ವಿಳಾಸಕ್ಕೆ ಸಾಲನ್ನು 32ರಿಂದ ಗುಣಿಸಿ ಕಾಲಂ ಕೂಡಿಸಿ, ಬಂದದ್ದನ್ನು 01005340ಕ್ಕೆ ಸೇರಿಸಿ: 2ನೇ ಸಾಲಿನ 4ನೇ ಮನೆ ಎಂದರೆ 68, ಹೆಕ್ಸ್‌ನಲ್ಲಿ 44, ವಿಳಾಸ 01005384. ಸಾಲಿಗೆ 32 ಯಾಕೆಂದರೆ ಹಲಗೆಯ ಗರಿಷ್ಠ ಅಗಲ 30, ಎರಡು ಬದಿಗೆ ಬೇಲಿ.

ಉತ್ತರ 4:
ಒಳಗೆ ಅಡಗಿದ್ದೂ ಬಳಸದೆ ಬಿಟ್ಟದ್ದು ಬೇಕಿದ್ದರೆ ವಿಂಡೋಸ್ 3.1ರ ಮೈನ್‌ಸ್ವೀಪರ್ ನೋಡಿ. ಅದರ ಮೆನುವಿನಲ್ಲಿ ಶಬ್ದದ ಆಯ್ಕೆಯೇ ಇಲ್ಲ, ಆದರೆ ಶಬ್ದ ಮಾಡುವ ಕೋಡ್ ಒಳಗಿದೆ. ಆಟ ಮುಚ್ಚಿ, ವಿಂಡೋಸ್ ಫೋಲ್ಡರ್‌ನ ವಿನ್‌ಮೈನ್ ಐಎನ್‌ಐ ಫೈಲನ್ನು (ಆಟದ ಸೆಟ್ಟಿಂಗ್‌ಗಳಿರುವ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆದು, ಮೈನ್‌ಸ್ವೀಪರ್ ವಿಭಾಗದಡಿ ಇಂಗ್ಲಿಷ್‌ನಲ್ಲಿ ಸೌಂಡ್=3 ಎಂದು ಸೇರಿಸಿ. ಆಟ ತೆರೆದು ಗಡಿಯಾರ ಓಡಿದಾಗ ಟಿಕ್ ಟಿಕ್ ಕೇಳುತ್ತದೆ. ಆಮೇಲೆ ಎಫ್4 ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಶುರು. ಈ ಸಾಲು ಸೇರಿಸದಿದ್ದರೆ ಎಫ್4ಗೆ ಜೀವ ಬರಲ್ಲ.

ವಿಸ್ಟಾದಲ್ಲಿ ಚುಕ್ಕೆ ಹುಡುಕಬೇಡಿ. ಅದರ ಮೈನ್‌ಸ್ವೀಪರ್ ಹೊಸದಾಗಿ ಬರೆದದ್ದು.