ಕಾರ್ಕ್‌ಗೆ ಊರಿನ ಗೆಳತಿ ಬರ್ತಿದ್ದಾಳೆ, ನಾಲ್ಕು ದಿನದಲ್ಲಿ ಏನೇನು ತೋರಿಸಲಿ?

ಪ್ರಶ್ನೆ: ನಾನು ಐರ್ಲೆಂಡಿನ ಕಾರ್ಕ್‌ಗೆ ಬಂದು ಎಂಟು ತಿಂಗಳಾಯಿತು. ಜೂನ್ ಎರಡನೇ ವಾರ ಹಾಸನದಿಂದ ನನ್ನ ಗೆಳತಿ ಬರುತ್ತಿದ್ದಾಳೆ, ಪಿಯುಸಿಯಿಂದ ಜೊತೆಗಿದ್ದವಳು. ನಾಲ್ಕೇ ದಿನ ಇರುತ್ತಾಳೆ. ದೇಶ ಬಿಟ್ಟು ಹೊರಗೆ ಬರುತ್ತಿರುವುದು ಇದೇ ಮೊದಲು. ಸಸ್ಯಾಹಾರಿ. ನನ್ನ ಹತ್ತಿರ ಕಾರಿಲ್ಲ. ಒಂದು ದಿನ ಡಬ್ಲಿನ್, ಒಂದು ದಿನ ಮೊಹರ್ ಬಂಡೆಗಳು, ಒಂದು ದಿನ ಕಿಲಾರ್ನಿ, ಉಳಿದ ದಿನ ಕಾರ್ಕ್ ಅಂತ ಬರೆದಿಟ್ಟಿದ್ದೇನೆ. ಸರಿಯಾಗುತ್ತಾ? ಊರಿಂದ ಬಂದವರನ್ನು ಸುತ್ತಾಡಿಸಿದವರು ದಯವಿಟ್ಟು ಹೇಳಿ.

ಉತ್ತರ 1 (ಹನ್ನೊಂದು ವರ್ಷದಿಂದ ಕಾರ್ಕ್‌ನಲ್ಲಿ):

ಆ ಪಟ್ಟಿ ನೋಡಿ ನನಗೆ ನನ್ನದೇ ನೆನಪಾಯಿತು. ನಾನೂ ಹಾಗೇ ಮಾಡಿದ್ದೆ. ನನ್ನ ಗೆಳತಿ ಶಿರಸಿಯಿಂದ ಬಂದಾಗ ಮೊದಲ ದಿನವೇ ಬೆಳಿಗ್ಗೆ ಎಬ್ಬಿಸಿ ಬಸ್ಸಿನಲ್ಲಿ ಮೊಹರ್‌ಗೆ ಕರೆದುಕೊಂಡು ಹೋದೆ, ಅಲ್ಲಿ ಮಂಜು ಮುಸುಕಿ ಸಮುದ್ರವೂ ಕಾಣಲಿಲ್ಲ ಬಂಡೆಯೂ ಕಾಣಲಿಲ್ಲ, ವಾಪಸ್ ಬರುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿಬಿಟ್ಟಳು. ಮಾರನೇ ದಿನ ಡಬ್ಲಿನ್. ರೈಲಿನಲ್ಲಿ ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಮೂರನೇ ದಿನ ಅವಳೇ ಕೇಳಿದಳು, "ನೀನು ದಿನಾ ಓಡಾಡೋ ಊರು ಯಾವುದೇ, ಅದನ್ನ ತೋರಿಸು". ಅವಳು ಬಂದಿದ್ದು ಐರ್ಲೆಂಡ್ ನೋಡಲು ಅಲ್ಲ, ನಾನು ಹೇಗಿದ್ದೇನೆ ಅಂತ ನೋಡಲು. ನಿಮ್ಮವಳೂ ಅಷ್ಟೇ ಇರಬೇಕು.

ಹಾಗಾಗಿ ಕಾರ್ಕ್‌ಗೇ ಎರಡೂವರೆ ದಿನ ಕೊಡಿ. ಊರಿನ ನಡುಭಾಗ ಲೀ ನದಿಯ ಎರಡು ಕವಲುಗಳ ಮಧ್ಯದ ದ್ವೀಪ. ಊರಿನ ಹೆಸರು ಬಂದಿದ್ದೇ ಜೌಗು ಅನ್ನುವ ಐರಿಷ್ ಪದದಿಂದ. ಈಗ ಅಂಗಡಿ ಸಾಲಿರುವ ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್, ಗ್ರ್ಯಾಂಡ್ ಪರೇಡ್, ಸೌತ್ ಮಾಲ್ ಎಲ್ಲ ಒಂದು ಕಾಲಕ್ಕೆ ನೀರಿನ ಕಾಲುವೆಗಳು, ಆಮೇಲೆ ಮುಚ್ಚಿ ರಸ್ತೆ ಮಾಡಿದ್ದು. ಸೌತ್ ಮಾಲ್‌ನಲ್ಲಿ ನಿಂತು ಹಳೇ ಮನೆಗಳನ್ನು ತೋರಿಸಿ. ಮೆಟ್ಟಿಲು ಹತ್ತಿ ಮೇಲಿನ ಬಾಗಿಲಿಗೆ ಹೋಗಬೇಕು, ಕೆಳಗಿನ ಬಾಗಿಲು ದೋಣಿಗೆ. ಇದನ್ನು ತಿಳಿದ ಮೇಲೆ ಆ ರಸ್ತೆ ಬೇರೆಯಾಗಿಯೇ ಕಾಣುತ್ತೆ.

ಆಮೇಲೆ ಶಾಂಡನ್ ಬಡಾವಣೆ. ಇದನ್ನು ಮಾತ್ರ ಬಿಡಬೇಡಿ. 1722ರ ಸೇಂಟ್ ಆ್ಯನ್ ಚರ್ಚು, ಗೋಪುರದ ಎರಡು ಬದಿ ಕೆಂಪು ಮರಳುಗಲ್ಲು, ಎರಡು ಬದಿ ಬಿಳಿ ಸುಣ್ಣಕಲ್ಲು, ತುದಿಯಲ್ಲಿ ಚಿನ್ನದ ಬಣ್ಣದ ಸಾಲ್ಮನ್ ಮೀನು. ಗಡಿಯಾರದ ನಾಲ್ಕು ಮುಖ ನಾಲ್ಕು ಸಮಯ ತೋರಿಸುತ್ತಿದ್ದವು ಅಂತ ಊರಿನವರು ಅದನ್ನು "ನಾಲ್ಕು ಮುಖದ ಸುಳ್ಳುಗಾರ" ಅಂತಲೇ ಕರೆಯುತ್ತಾರೆ. ಟಿಕೆಟ್ ತೆಗೆದುಕೊಂಡು ಮೇಲೆ ಹೋದರೆ ಎಂಟು ಗಂಟೆಗಳ ಎಂಟು ಹಗ್ಗ ಸಾಲಾಗಿರುತ್ತವೆ, ಒಂದೊಂದಕ್ಕೂ ನಂಬರು. ಯಾವ ಹಾಡಿಗೆ ಯಾವ ನಂಬರ್ ಎಳೆಯಬೇಕು ಅಂತ ಬರೆದ ಹಾಳೆಗಳೂ ಇರುತ್ತವೆ. ನನ್ನ ಗೆಳತಿ ಆ ಹಾಳೆ ಪಕ್ಕಕ್ಕಿಟ್ಟಳು. ಎರಡು ನಿಮಿಷ ಒಂದೊಂದೇ ಹಗ್ಗ ಎಳೆದು ಕಿವಿಗೊಟ್ಟು ಕೇಳಿದಳು. ಆಮೇಲೆ ನಾವು ಮೂರನೇ ಕ್ಲಾಸಿನಲ್ಲಿ ಹಾಡುತ್ತಿದ್ದ ಒಂದು ಪದ್ಯದ ಧಾಟಿಯನ್ನು ನಿಧಾನವಾಗಿ, ಅಲ್ಲಲ್ಲಿ ತಪ್ಪುತ್ತಾ, ಬಾರಿಸಿದಳು. ಇಡೀ ಬೀದಿಗೆ ಕೇಳಿಸಿರಬೇಕು. ನನಗೆ ಕಣ್ಣು ತುಂಬಿ ಬಂತು. ಗೋಪುರದ ತುದಿಗೆ ಒಟ್ಟು 132 ಮೆಟ್ಟಿಲು, ಹತ್ತಿದರೆ ಊರೆಲ್ಲ ಕಾಣುತ್ತೆ, ಹತ್ತುವಾಗ ಗಂಟೆಯ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಂಥದ್ದು ಕೊಡುತ್ತಾರೆ, ಹಾಕಿಕೊಳ್ಳಿ. ಕೊನೆಯ ಮೆಟ್ಟಿಲುಗಳು ತುಂಬ ಇಕ್ಕಟ್ಟು.

ಚರ್ಚಿನ ಎದುರಿಗೇ ಬೆಣ್ಣೆ ಮ್ಯೂಸಿಯಂ ಇದೆ. 1770ರಲ್ಲಿ ಇಲ್ಲಿ ಬೆಣ್ಣೆ ವ್ಯಾಪಾರದ ಕಟ್ಟೆ ಶುರುವಾಗಿ, ಮುಂದೆ ಅದು ಪ್ರಪಂಚದಲ್ಲೇ ದೊಡ್ಡದಾಯಿತು. ಉಪ್ಪು ಹಾಕಿ ಮರದ ಪೀಪಾಯಿಗೆ ತುಂಬಿ ವೆಸ್ಟ್ ಇಂಡೀಸ್‌ವರೆಗೂ ಹಡಗಿನಲ್ಲಿ ಕಳಿಸುತ್ತಿದ್ದರು. ಹಾಸನದ ಕಡೆಯವರಿಗೆ ಬೆಣ್ಣೆ ಕಡೆಯುವುದು ಹೊಸದೇನಲ್ಲ ಅಲ್ವಾ, ಅವಳು ಅಲ್ಲಿ ತುಂಬ ಹೊತ್ತು ನಿಲ್ಲಬಹುದು. ತೆರೆದಿರುವ ದಿನ ಮೊದಲೇ ನೋಡಿಕೊಂಡು ಹೋಗಿ.

ಉತ್ತರ 2:

ಬಟ್ಟೆ ಬಗ್ಗೆ ಒಂದೇ ಮಾತು. ಛತ್ರಿ ತರಬೇಡ ಅಂತ ಹೇಳಿ, ಇಲ್ಲಿನ ಗಾಳಿಗೆ ಮಗುಚಿಕೊಳ್ಳುತ್ತೆ. ತಲೆಗವಸು ಇರುವ ಮಳೆ ಜಾಕೆಟ್, ನೀರು ಒಳಗೆ ಹೋಗದ ಶೂ. ಜೂನ್‌ನಲ್ಲಿ ಹತ್ತು ಗಂಟೆವರೆಗೂ ಬೆಳಕಿರುತ್ತೆ. ಮಳೆ ಬಂದರೆ ಒಂದು ಗಂಟೆ ಕಾಫಿ ಕುಡಿಯುತ್ತಾ ಕೂತು ಮತ್ತೆ ಹೊರಡಿ, ದಿನ ಮುಗಿಯಿತು ಅಂತ ಮನೆಗೆ ಬರಬೇಡಿ.

ಉತ್ತರ 3 (ಇಲ್ಲೇ ಎಂಜಿನಿಯರಿಂಗ್ ಓದಿದವನು):

ಅಕ್ಕ, ಗೆಳತಿ ಕಂಪ್ಯೂಟರ್ ಕೆಲಸದವರಾಗಿದ್ದರೆ ಯುಸಿಸಿ (ಯೂನಿವರ್ಸಿಟಿ ಕಾಲೇಜ್ ಕಾರ್ಕ್) ಕ್ಯಾಂಪಸ್‌ಗೆ ಖಂಡಿತ ಕರೆದುಕೊಂಡು ಹೋಗಿ. ಅಲ್ಲದಿದ್ದರೂ ಹೋಗಿ, ಒಳಗೆ ಓಡಾಡಲು ದುಡ್ಡು ಕೊಡಬೇಕಿಲ್ಲ. ಕೋಡಿನಲ್ಲಿ ನಿಜ-ಸುಳ್ಳು ಎರಡೇ ಬೆಲೆಗೆ ಬೂಲಿಯನ್ ಅಂತ ನಾವು ದಿನಾ ಬರೆಯುತ್ತೀವಲ್ಲ, ಆ ಜಾರ್ಜ್ ಬೂಲ್ 1849ರಿಂದ ಇಲ್ಲಿ ಗಣಿತದ ಮೊದಲ ಪ್ರಾಧ್ಯಾಪಕ. 1864ರಲ್ಲಿ ಮಳೆಯಲ್ಲಿ ನಡೆದು ಪಾಠಕ್ಕೆ ಬಂದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಜ್ವರ ಹಿಡಿದು ತೀರಿಕೊಂಡರು. ಅವರ ಹೆಂಡತಿ ಮೇರಿ ಎವರೆಸ್ಟ್, ನಮ್ಮ ದೇಶದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಅಣ್ಣತಮ್ಮಂದಿರಲ್ಲೊಬ್ಬರ ಮಗಳು. ಬೆಟ್ಟಕ್ಕೆ ಹೆಸರು ಬಂದಿದ್ದು ಅವರದ್ದೇ. ಕ್ಯಾಂಪಸ್‌ನ ಹಳೇ ಕಟ್ಟಡದ ಕಾರಿಡಾರ್‌ನಲ್ಲಿ ಓಗಮ್ ಕಲ್ಲುಗಳಿವೆ, ಕಲ್ಲಿನ ಅಂಚಿನಲ್ಲಿ ಗೀರು ಗೀರಾಗಿ ಕೊರೆದ ಹಳೇ ಐರಿಷ್ ಬರಹ. ಹಳ್ಳಿ ದೇವಸ್ಥಾನದ ಮುಂದಿನ ಶಾಸನ ಮುಟ್ಟಿ ನೋಡಿದವರಿಗೆ ಅದು ಇಷ್ಟವಾಗುತ್ತೆ. ಇಲ್ಲಿ ಮಾತ್ರ ಮುಟ್ಟಬೇಡಿ.

ಅಲ್ಲಿಂದ ಫಿಟ್ಜ್‌ಜೆರಾಲ್ಡ್ ಪಾರ್ಕಿಗೆ ನಡೆದುಕೊಂಡೇ ಹೋಗಬಹುದು. ಅಲ್ಲಿ ಲೀ ನದಿಗೆ ತೂಗು ಸೇತುವೆ ಇದೆ, ಡೇಲೀಸ್ ಬ್ರಿಡ್ಜ್, ಊರಿನವರು "ಶೇಕಿ ಬ್ರಿಡ್ಜ್" ಅನ್ನುತ್ತಾರೆ, ನಡೆದರೆ ಅಲ್ಲಾಡುತ್ತೆ.

ಉತ್ತರ 4 (ಕುಟುಂಬದ ಜೊತೆ ಇರುವವರು, ಕಾರ್ಕ್ ಪಕ್ಕದ ಊರು):

ಊಟದ ವಿಷಯ. ಇಂಗ್ಲಿಷ್ ಮಾರ್ಕೆಟ್ 1788ರಿಂದ ಇದೆ, ನೋಡಲೇಬೇಕು, ಆದರೆ ಅರ್ಧ ಜಾಗ ಮೀನು, ಮಾಂಸ. ನಿಮ್ಮ ಗೆಳತಿಗೆ ವಾಸನೆ ಆಗಿಬರದಿದ್ದರೆ ಮೊದಲೇ ಹೇಳಿ, ಆಮೇಲೆ ಅವಳೇ ತೀರ್ಮಾನ ಮಾಡಲಿ. ನಮ್ಮ ಅತ್ತಿಗೆ ಬಂದಾಗ ಬ್ರೆಡ್, ಚೀಸ್, ಆಲಿವ್ ತೆಗೆದುಕೊಂಡು ಪಕ್ಕದ ಬಿಷಪ್ ಲೂಸಿ ಪಾರ್ಕಿನಲ್ಲಿ ಕೂತು ತಿಂದೆವು. ಭಾನುವಾರ ಮಾರ್ಕೆಟ್ ಮುಚ್ಚಿರುತ್ತೆ, ನೆನಪಿಡಿ. ಒಂದು ರಾತ್ರಿ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಪ್ಯಾರಡೈಸೊ ಇದೆ, 1993ರಿಂದ ಸಸ್ಯಾಹಾರ ಮಾತ್ರ ಮಾಡುವ ಹೋಟೆಲ್. ಉಳಿದ ದಿನ ಮನೆಯಲ್ಲೇ ಅನ್ನ ಸಾರು ಮಾಡಿ. ಅಷ್ಟು ದೂರ ಪ್ರಯಾಣ ಮಾಡಿ ಬಂದವರಿಗೆ ಮೊದಲ ರಾತ್ರಿ ಬಿಸಿ ತಿಳಿಸಾರು ಸಿಕ್ಕರೆ ಅದಕ್ಕಿಂತ ಬೇರೆ ಬೇಕಾ?

ಕಾರಿಲ್ಲ ಅಂದಿರಲ್ಲ, ಅದಕ್ಕೆ ಕೋವ್ ಸರಿ. ಕೆಂಟ್ ಸ್ಟೇಷನ್ನಿಂದ ರೈಲು, ಅರ್ಧ ಗಂಟೆಯೂ ಬೇಡ, ದಾರಿಯುದ್ದಕ್ಕೂ ನೀರು. ಟೈಟಾನಿಕ್ ಕೊನೆಯದಾಗಿ ನಿಂತ ಬಂದರು ಅದು, 1912ರ ಏಪ್ರಿಲ್ 11ರಂದು ಇಲ್ಲಿಂದ 123 ಜನ ಹತ್ತಿದರು. ದಡದಲ್ಲಿ ಆ್ಯನಿ ಮೂರ್ ಅನ್ನುವ ಹುಡುಗಿಯ ಪ್ರತಿಮೆ ಇದೆ, ಇಬ್ಬರು ತಮ್ಮಂದಿರ ಜೊತೆ. ಅಮೆರಿಕದ ಎಲ್ಲಿಸ್ ಐಲ್ಯಾಂಡ್‌ನಲ್ಲಿ 1892ರ ಜನವರಿ 1ರಂದು ಮೊದಲು ಒಳಗೆ ಬಿಟ್ಟಿದ್ದು ಅವಳನ್ನೇ. ಊರು ಬಿಟ್ಟು ಬಂದ ನಮ್ಮಂಥವರು ಅವಳ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಹೋಗಲು ಆಗುವುದಿಲ್ಲ.

ಉತ್ತರ 5 (ಆಸ್ಪತ್ರೆಯಲ್ಲಿ ಕೆಲಸ ಮಾಡುವವರು):

ಎರಡು ಜಾಗ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಒಂದು, ಸಿಟಿ ಹಾಲ್. ಇಲ್ಲಿನ ಮೇಯರ್ ಆಗಿದ್ದ ಟೆರೆನ್ಸ್ ಮ್ಯಾಕ್‌ಸ್ವೀನಿ ಬ್ರಿಟಿಷರ ಜೈಲಿನಲ್ಲಿ 74 ದಿನ ಉಪವಾಸ ಮಾಡಿ 1920ರ ಅಕ್ಟೋಬರ್ 25ರಂದು ಪ್ರಾಣ ಬಿಟ್ಟರು. ಒಂಬತ್ತು ವರ್ಷದ ನಂತರ ಲಾಹೋರ್ ಜೈಲಿನಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರ ಜತೀನ್ ದಾಸ್ 63 ದಿನ ಉಪವಾಸವಿದ್ದು ತೀರಿಕೊಂಡಾಗ ಮ್ಯಾಕ್‌ಸ್ವೀನಿ ಮನೆಯವರು ನಮ್ಮ ದೇಶಕ್ಕೆ ತಂತಿ ಕಳಿಸಿದ್ದರು. ಅದನ್ನು ಅಲ್ಲೇ ನಿಂತು ಗೆಳತಿಗೆ ಹೇಳಿ.

ಎರಡನೆಯದು ದೂರ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿನಿಂದ ಸಿಡಿದು ಐರ್ಲೆಂಡ್ ಹತ್ತಿರದ ಸಮುದ್ರಕ್ಕೆ ಬಿತ್ತು, 329 ಜನ ಹೋದರು. ಸಿಕ್ಕ ದೇಹಗಳನ್ನು ತಂದಿದ್ದು ಕಾರ್ಕ್‌ನ ಆಸ್ಪತ್ರೆಗೆ. ಸಂಬಂಧಿಕರನ್ನು ಇಲ್ಲಿನವರು ಮನೆಯವರಂತೆ ನೋಡಿಕೊಂಡರು. ಪಶ್ಚಿಮ ಕಾರ್ಕ್‌ನ ಅಹಕಿಸ್ಟಾದಲ್ಲಿ ಸಮುದ್ರದ ಅಂಚಿಗೇ ಸ್ಮಾರಕ ಇದೆ, ಪ್ರತಿ ಜೂನ್ 23ಕ್ಕೆ ಈಗಲೂ ಜನ ಸೇರುತ್ತಾರೆ. ನಾನು ಹೋದಾಗ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದೆ. ಎಲ್ಲ ನಮ್ಮ ಬೀದಿಯಲ್ಲಿ ಕೇಳುವ ಹೆಸರುಗಳೇ. ಕಾರಿಲ್ಲದೆ ಹೋಗುವುದು ಕಷ್ಟ. ನಿಮ್ಮಿಬ್ಬರಿಗೂ ಮನಸ್ಸಿದ್ದರೆ ನನಗೆ ತಿಳಿಸಿ, ಶನಿವಾರ ರಜೆ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ತುಂಬ ಥ್ಯಾಂಕ್ಸ್. ಡಬ್ಲಿನ್, ಮೊಹರ್ ಎರಡೂ ತೆಗೆದೆ. ಅಹಕಿಸ್ಟಾ ಬಗ್ಗೆ ಅವಳಿಗೆ ಫೋನ್ ಮಾಡಿ ಹೇಳಿದೆ, ಹೋಗೋಣ ಅಂದಳು. ಅವಳು ಬರುವುದು ಲಂಡನ್ ಮೂಲಕ, ಅದಕ್ಕೇನಾದರೂ?

ಉತ್ತರ 1: ಲಂಡನ್‌ನಲ್ಲಿ ವಿಮಾನ ಬದಲಿಸಲು ಬ್ರಿಟನ್ನಿನ ಟ್ರಾನ್ಸಿಟ್ ನಿಯಮ ಬೇರೆ, ಟಿಕೆಟ್ ಮಾಡುವ ಮುಂಚೆ ಅವರ ಸರ್ಕಾರದ ವೆಬ್‌ಸೈಟ್ ನೋಡಿ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾ ಇಲ್ಲಿಗೆ ನಡೆಯುವುದಿಲ್ಲ, ಸಾಮಾನ್ಯವಾಗಿ ಐರ್ಲೆಂಡಿನದ್ದೇ ಬೇಕು. ಕಾರ್ಕ್ ವಿಮಾನ ನಿಲ್ದಾಣದಿಂದ ಊರೊಳಗೆ 226 ನಂಬರ್ ಬಸ್ ಇದೆ, ಆದರೆ ಅವಳನ್ನು ಬಸ್ಸಿಗೆ ಬಾ ಅನ್ನಬೇಡಿ, ನೀವೇ ಹೋಗಿ ಬಾಗಿಲಲ್ಲಿ ನಿಂತಿರಿ.