ಸಹಾಯ ಬೇಕು: ನಾಲ್ಕು ದನಿ, ಒಂದೇ ಮೈಕ್

ಎಲ್ಲರಿಗೂ ನಮಸ್ಕಾರ. ಫೈವ್ ಸ್ಯಾಟಿನ್ಸ್ ಗುಂಪಿನ 'ಇನ್ ದ ಸ್ಟಿಲ್ ಆಫ್ ದ ನೈಟ್' ಕೇಳಿದವರು ಇಲ್ಲಿ ಇದ್ದೀರಾ? ಫ್ರೆಡ್ ಪ್ಯಾರಿಸ್ ಬರೆದು ಹಾಡಿದ ಈ ಹಾಡು 1956ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ, ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ ರೆಕಾರ್ಡ್ ಆಯಿತು. ಸ್ಟುಡಿಯೋ ಅಲ್ಲ, ಸುಮ್ನೆ ಒಂದು ನೆಲಮಾಳಿಗೆ. ಆದರೂ ಹಿಂದಿನ ದನಿಗಳು ಎಲ್ಲೋ ದೂರದಿಂದ ತೇಲಿ ಬಂದ ಹಾಗೆ ಕೇಳಿಸುತ್ತವೆ, ಮುಖ್ಯ ದನಿ ಮಾತ್ರ ಕಿವಿಯ ಪಕ್ಕದಲ್ಲೇ ಇರುತ್ತದೆ, ನನಗೆ ಈ ಹಾಡಿನಲ್ಲಿ ತುಂಬಾ ಇಷ್ಟ ಅದೇ.

ನಾವು ನಾಲ್ವರು ಗೆಳೆಯರು ಇದನ್ನೇ ಹಾಡಿ ರೆಕಾರ್ಡ್ ಮಾಡುತ್ತಿದ್ದೇವೆ. ಮೂಲ ಹಾಡಿನಲ್ಲಿರುವ ಸ್ಯಾಕ್ಸೊಫೋನ್ ನುಡಿಸುವವರು ನಮ್ಮಲ್ಲಿಲ್ಲ, ಹಾಗಾಗಿ 1992ರಲ್ಲಿ ಬಾಯ್ಸ್ ಟು ಮೆನ್ ಗುಂಪು ಇದನ್ನು ಹಾಡಿದ ಹಾಗೆ ಬರೀ ದನಿಯಲ್ಲೇ. ಖಾಲಿ ಕಲ್ಯಾಣ ಮಂಟಪದಲ್ಲಿ ಒಂದು ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಮೈಕ್) ಇಟ್ಟು ಮೂರು ಸಲ ಪ್ರಯತ್ನಿಸಿದೆವು. ಪ್ರತಿ ಸಲವೂ ಪ್ರತಿಧ್ವನಿ ಜಾಸ್ತಿಯಾಗಿ ಪದಗಳು ಕಲಸಿಹೋಗುತ್ತವೆ, ಕೆಳಗಿನ ಸ್ವರ ಹಾಡುವವನ ದನಿಯಂತೂ ಕೇಳಿಸುವುದೇ ಇಲ್ಲ. ಅವನನ್ನು ಮೈಕಿಗೆ ಹತ್ತಿರ ನಿಲ್ಲಿಸಿದರೆ ಗುಂಯ್ ಅನ್ನುತ್ತದೆ.

ಯಾರು ಎಷ್ಟು ದೂರ ನಿಲ್ಲಬೇಕು? ಗೋಡೆಗೆ ಜಮಖಾನ, ಕಂಬಳಿ ಕಟ್ಟಿದರೆ ಸಾಕಾ, ಅಥವಾ ಚಿಕ್ಕ ಕೋಣೆಗೆ ಹೋಗುವುದೇ ಒಳ್ಳೆಯದಾ? ಒಬ್ಬೊಬ್ಬರನ್ನೇ ಬೇರೆ ಬೇರೆ ರೆಕಾರ್ಡ್ ಮಾಡಿ ಸೇರಿಸುವುದು ನಮಗೆ ಬೇಡ, ಒಟ್ಟಿಗೇ ಹಾಡಬೇಕು. ಗುಂಪು ಹಾಡು ರೆಕಾರ್ಡ್ ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಮುಂದಿನ ಭಾನುವಾರ ಮತ್ತೆ ಕೂರುತ್ತೇವೆ.